ಹಣ ಕಂಡಿತು, ವ್ಯಾಪಾರ ಕಾಣಲಿಲ್ಲ

ಯುಪಿಐ ಬಗ್ಗೆ ನಮ್ಮಲ್ಲಿ ಒಂದು ಕಥೆ ಗಟ್ಟಿಯಾಗಿ ಬೇರೂರಿದೆ. 2016ರಲ್ಲಿ ನೋಟು ರದ್ದಾಯಿತು, ಅದೇ ವರ್ಷ ಡೇಟಾ ಅಗ್ಗವಾಯಿತು, ಸ್ಮಾರ್ಟ್‌ಫೋನ್ ಕೈಗೆ ಬಂತು, ಸೊಪ್ಪಿನ ಗಾಡಿಗೂ ಕ್ಯೂಆರ್ ಅಂಟಿಕೊಂಡಿತು. ಅಲ್ಲಿಗೆ ಬೀದಿ ವ್ಯಾಪಾರಿ ಡಿಜಿಟಲ್ ವಾಣಿಜ್ಯದೊಳಗೆ ಕಾಲಿಟ್ಟ. ಮಂತ್ರಿಗಳ ಭಾಷಣದಿಂದ ಹಿಡಿದು ಕಾಲೇಜು ಸೆಮಿನಾರಿನವರೆಗೆ ಇದೇ ಪಾಠ. ದಿನಕ್ಕೆ ಹತ್ತು ಸಲ ಯುಪಿಐ ಬಳಸುವ ನನಗೆ ಅದರ ಮೇಲೆ ಪ್ರೀತಿಯಿದೆ, ತಕರಾರಿರುವುದು ಈ ಕಥೆಯ ಮೇಲೆ. ಇದು ಫೋನಿಗೆ ಸಲ್ಲದ ಶ್ರೇಯಸ್ಸನ್ನು ಫೋನಿಗೆ ಕೊಡುತ್ತದೆ. ವ್ಯಾಪಾರಿಗೆ ದಕ್ಕದೇ ಇರುವುದನ್ನು ದಕ್ಕಿದೆ ಎಂದು ಬರೆದುಕೊಳ್ಳುತ್ತದೆ.

ಮೊದಲು ಫೋನಿನ ಮಾತು. ಆ್ಯಪ್ ಹಾಕಿಕೊಂಡಾಗ ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ತಾನಾಗಿ ಹೊರಡುತ್ತದೆ. ಅದು ಹೊರಟ ನಂಬರೂ ಬ್ಯಾಂಕಿನಲ್ಲಿರುವ ನಂಬರೂ ತಾಳೆಯಾಗಿ, ಆ ಹ್ಯಾಂಡ್‌ಸೆಟ್ಟಿಗೆ ಗಂಟುಬಿದ್ದರೆ ಮಾತ್ರ ಮುಂದಿನ ಹೆಜ್ಜೆ. ಎಸ್ಸೆಮ್ಮೆಸ್ ಕಳಿಸಲಾಗದ ರೀಚಾರ್ಜ್ ಹಾಕಿಸಿಕೊಂಡವರು ಎಷ್ಟು ದುಬಾರಿ ಫೋನ್ ಹಿಡಿದಿದ್ದರೂ ಇಲ್ಲೇ ನಿಲ್ಲುತ್ತಾರೆ. ಸ್ಕ್ಯಾನ್ ಮಾಡಿ ಪಿನ್ ಒತ್ತುತ್ತೀರಲ್ಲ, ಆ ಪಿನ್ ಆ್ಯಪಿಗೆ ಕಾಣುವುದೇ ಇಲ್ಲ. ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಒದಗಿಸಿದ ತುಣುಕು ತಂತ್ರಾಂಶ ಅದನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತದೆ. ಖಾತೆಯಿಂದ ಕಳೆಯುವುದು ನಿಮ್ಮ ಬ್ಯಾಂಕು, ಕೂಡಿಸುವುದು ಅಂಗಡಿಯವರ ಬ್ಯಾಂಕು, ನಡುವಿನ ಸ್ವಿಚ್ಚು ಎನ್‌ಪಿಸಿಐಯದು. ಆ ದಾರಿಯೂ ಪೂರ್ತಿ ಹೊಸದಲ್ಲ, 2010ರಿಂದ ಓಡುತ್ತಿದ್ದ, ತಕ್ಷಣ ಹಣ ವರ್ಗಾಯಿಸುವ ಐಎಂಪಿಎಸ್ ವ್ಯವಸ್ಥೆಯ ಮೇಲೆ ಕಟ್ಟಿದ್ದು. 2025ರ ಮಾರ್ಚ್, ಏಪ್ರಿಲ್‌ಗಳಲ್ಲಿ ಯುಪಿಐ ಕೈಕೊಟ್ಟಾಗ ಯಾರ ಫೋನೂ ಕೆಟ್ಟಿರಲಿಲ್ಲ. ಇನ್ನು 2022ರಲ್ಲಿ ಬಂದ ಯುಪಿಐ 123ಪೇ ಅಂತೂ ಕೀಪ್ಯಾಡ್ ಫೋನಿನಿಂದ, ಇಂಟರ್ನೆಟ್ಟಿಲ್ಲದೆಯೂ ಹಣ ಕಳಿಸಬಹುದು ಎಂದು ತೋರಿಸಿತು. ಬೀಗ ತೆಗೆಯುವ ಕೀಲಿಗೆ ಮನೆ ಕಟ್ಟಿದವನ ಸನ್ಮಾನ ಮಾಡಿದಂತಾಗಿದೆ ನಮ್ಮ ಸ್ಮಾರ್ಟ್‌ಫೋನ್ ಸ್ತೋತ್ರ.

ಆದರೆ ನನ್ನ ಮುಖ್ಯ ಜಗಳ ವಾಣಿಜ್ಯ ಎಂಬ ದೊಡ್ಡ ಮಾತಿನದು. ತಳ್ಳುಗಾಡಿಯ ಕ್ಯೂಆರ್‌ನಲ್ಲಿ ಏನಿರುತ್ತದೆ? ಹಣ ಬಂದು ಸೇರಬೇಕಾದ ವಿಳಾಸ, ಒಂದು ಹೆಸರು, ಹೆಚ್ಚೆಂದರೆ ವ್ಯಾಪಾರದ ಬಗೆ ಸೂಚಿಸುವ ಒಂದು ಸಂಕೇತ. ಅದರ ಮೂಲಕ ಅರವತ್ತು ರೂಪಾಯಿ ಬಂದರೆ ಅದು ಎರಡು ಕೆ.ಜಿ. ಟೊಮೆಟೊದ್ದೋ, ಮಗನಿಗೆ ಆಟೋ ಖರ್ಚಿಗೆಂದು ಅಣ್ಣ ಹಾಕಿದ್ದೋ ವ್ಯವಸ್ಥೆಗೆ ಗೊತ್ತಿಲ್ಲ. ಬಿಲ್ ಇಲ್ಲ, ಸರಕಿನ ಲೆಕ್ಕವಿಲ್ಲ, ಅಸಲು-ಲಾಭದ ಸುಳಿವಿಲ್ಲ. ಕೊಡುಕೊಳ್ಳುವಿಕೆಯಲ್ಲಿ ಕೊಡುವ ಹಣದ ಭಾಗವಷ್ಟೇ ಡಿಜಿಟಲ್ ಆಗಿದೆ.

ಇದರ ಬೆಲೆ ಎಷ್ಟೆಂದು 2025ರ ಜುಲೈನಲ್ಲಿ ಕರ್ನಾಟಕವೇ ಕಂಡಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತಗಳನ್ನು ತರಿಸಿಕೊಂಡು, 2021-22ರಿಂದ ಈಚೆಗಿನ ಲೆಕ್ಕ ಹಿಡಿದು, ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸು ಕೇಳಿದ್ದು 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಬೋರ್ಡು ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು ಸಮಾಧಾನ ಮಾಡಬೇಕಾಯಿತು.

ಇಲ್ಲಿ ಎದುರು ವಾದವಿದೆ, ಅದನ್ನು ತಳ್ಳಿಹಾಕಲಾರೆ. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ; ಹಣ ನೋಟಿನಲ್ಲಿ ಬಂದರೂ ಫೋನಿನಲ್ಲಿ ಬಂದರೂ ಕಾನೂನು ಒಂದೇ. ಮಿತಿ ಮೀರಿದವರು ತೆರಿಗೆ ಕಟ್ಟಲೇಬೇಕು. ಸರಿ. ಆದರೆ ಜಮೆಯಾದ ಮೊತ್ತವೇ ವಹಿವಾಟು ಎಂದು ಇಲಾಖೆ ಹೊರಟಿತಲ್ಲ, ಆ ಎಡವಟ್ಟಿನ ಬೇರು ‘ಕ್ಯೂಆರ್ ಅಂಟಿಸಿದರೆ ವಾಣಿಜ್ಯ ಡಿಜಿಟಲ್ ಆಯಿತು’ ಎಂಬ ನಮ್ಮೆಲ್ಲರ ನಂಬಿಕೆಯಲ್ಲೇ ಇದೆ. ಇಲಾಖೆ ಅದನ್ನು ನಮಗಿಂತ ಗಂಭೀರವಾಗಿ ನಂಬಿತು, ಅಷ್ಟೆ.

ಯುಪಿಐ ಪುಕ್ಕಟೆ ಎಂಬುದು ಇನ್ನೊಂದು ಅರ್ಧಸತ್ಯ. 2020ರ ಜನವರಿಯಿಂದ ಅಂಗಡಿಯವರ ಮೇಲೆ ಎಂಡಿಆರ್ (ಪ್ರತಿ ಪಾವತಿಯಲ್ಲಿ ಮುರಿದುಕೊಳ್ಳುವ ಶುಲ್ಕ) ಇಲ್ಲ, ನಿಜ. ಆದರೆ ಖರ್ಚು ಮಾಯವಾಗಿಲ್ಲ. 2024-25ನೇ ಸಾಲಿಗೆ ಕೇಂದ್ರ ಸಚಿವ ಸಂಪುಟ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಣ್ಣ ಅಂಗಡಿಯಲ್ಲಿ 2,000 ರೂಪಾಯಿವರೆಗಿನ ಪಾವತಿಗೆ ಶೇ 0.15. ಅಂಗಡಿಯ ಹೆಸರಿನಲ್ಲಿ ಕೊಟ್ಟರೂ ಆ ದುಡ್ಡು ಹೋಗುವುದು ಬ್ಯಾಂಕುಗಳ ಕಡೆಗೆ.

ಅಂಗಡಿಯವರು ಏನು ಪಡೆದರು ನೋಡಿ. ಸಂಜೆ ಗಿರಾಕಿಗಳ ನೂಕುನುಗ್ಗಲಿನಲ್ಲಿ ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಕವರು. ಜೇಬಿನ ಫೋನ್ ತೆಗೆದು ಮೆಸೇಜ್ ನೋಡಲು ಮೂರನೇ ಕೈ ಇಲ್ಲ. ಗಿರಾಕಿ ಹಸಿರು ಟಿಕ್ ತೋರಿಸಿ ಹೋಗುತ್ತಾನೆ, ಆ ಚಿತ್ರ ನಿಜವೋ ನಕಲಿಯೋ ಗೊತ್ತಾಗುವುದಿಲ್ಲ. ಹಾಗಾಗಿಯೇ ಸೌಂಡ್‌ಬಾಕ್ಸ್ ಬಂತು. ಅದರೊಳಗೆ ಅದರದೇ ಸಿಮ್, ಹಣ ಬಂದ ಕೂಡಲೇ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಬೀದಿ ವ್ಯಾಪಾರಿಯ ಪಾಲಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಉಪಯುಕ್ತ ಯಂತ್ರ ಅದೇ ಎನ್ನುವೆ. ಅದು ಫೋನೇ ಅಲ್ಲ ಎಂಬುದನ್ನು ನಮ್ಮ ಸ್ಮಾರ್ಟ್‌ಫೋನ್ ಭಕ್ತರು ಗಮನಿಸಲಿ. ಅದಕ್ಕೆ ಸಾಮಾನ್ಯವಾಗಿ ತಿಂಗಳ ಬಾಡಿಗೆ. ಅದನ್ನು ಕೊಟ್ಟ ಕಂಪನಿಯೇ ಜಮೆಯ ಹರಿವು ನೋಡಿ ಸಾಲದ ಆಸೆ ತೋರಿಸಿ, ಕಂತನ್ನು ದಿನದ ಗಳಿಕೆಯಿಂದಲೇ ಮುರಿದುಕೊಳ್ಳುವುದೂ ಉಂಟು.

ಕೊಳ್ಳುವವರಿಗೆ ‘ಹಣ ಹೋಯಿತು’ ಎಂಬ ಖಾತರಿ ಬಿಟ್ಟಿಯಾಗಿ ಸಿಗುವಾಗ, ಮಾರುವವರು ‘ಹಣ ಬಂತು’ ಎಂಬ ಖಾತರಿಗೆ ಬಾಡಿಗೆ ಕಟ್ಟುವುದು ಅನ್ಯಾಯ. ಪ್ರೋತ್ಸಾಹಧನದ ಒಂದು ಪಾಲು ಸಣ್ಣ ಅಂಗಡಿಗಳ ಸೌಂಡ್‌ಬಾಕ್ಸ್ ಬಾಡಿಗೆಗೆ ನೇರವಾಗಿ ಸಲ್ಲಬೇಕು. ತೆರಿಗೆ ಇಲಾಖೆಯೂ ಅಷ್ಟೇ: ಜಮೆಯ ಮೊತ್ತಕ್ಕೆ ತೆರಿಗೆ ಲೆಕ್ಕ ಹಾಕುವ ಮೊದಲು ಅಂಗಡಿಗೆ ಹೋಗಿ, ಅಲ್ಲಿ ಏನು ಮಾರುತ್ತಾರೆ ಎಂದು ನೋಡಿ ಬರಲಿ.