ಬೆಳಕಿಗೆ ಬಣ್ಣವಿತ್ತವರು
ಫ್ರಾನ್ಸಿನ ಶಾರ್ತ್ರ್ ಪಟ್ಟಣದ ಮಹಾ ಇಗರ್ಜಿಯಲ್ಲಿ 12 ಮತ್ತು 13ನೆಯ ಶತಮಾನಗಳ ಬಣ್ಣದ ಗಾಜಿನ ಗವಾಕ್ಷಗಳ ನೀಲವರ್ಣವನ್ನು ಕಂಡು ಬೆರಗಾಗುವವರು, ಅದರ ಹಿಂದೆ ದುಡಿದ ಅನಾಮಧೇಯ ಕುಶಲಿಗಳನ್ನು ನೆನೆಯುವುದು ವಿರಳ. ಥಿಯೋಫಿಲಸ್ ಎಂಬ ಸಂನ್ಯಾಸಿಯು 12ನೆಯ ಶತಮಾನದಲ್ಲಿ ರಚಿಸಿದ ಲ್ಯಾಟಿನ್ ಗ್ರಂಥವು ಇಂತಹ ಕುಶಲಿಗಳ ಕಾಯಕವನ್ನು ಕಣ್ಣಿಗೆ ಕಟ್ಟುವಂತೆ ನಿರೂಪಿಸಿದೆ: ಸೀಮೆಸುಣ್ಣ ಬಳಿದ ಹಲಗೆಯ ಮೇಲೆ ಚಿತ್ರವನ್ನು ಬರೆದು, ಅದರ ಮೇಲೆ ಬಣ್ಣದ ಗಾಜನ್ನಿರಿಸಿ, ಕಾದ ಕಬ್ಬಿಣದಿಂದ ಬಿರುಕೆಬ್ಬಿಸಿ, ಅಂಚುಗಳನ್ನು ತುದಿ ಬಾಗಿದ ಕಬ್ಬಿಣದ ಉಪಕರಣದಿಂದ ಚೂರುಚೂರಾಗಿ ಕಚ್ಚಿ ತೆಗೆದು, ತಾಮ್ರಭಸ್ಮವನ್ನೂ ಗಾಜಿನ ಪುಡಿಯನ್ನೂ ಕೂಡಿಸಿ ನುಣ್ಣಗೆ ಅರೆದ ವರ್ಣದಿಂದ ಹುಬ್ಬು, ಕಣ್ಣು, ವಸ್ತ್ರದ ನೆರಿಗೆಗಳನ್ನು ತಿದ್ದಿ, ಕುಲುಮೆಯಲ್ಲಿ ಸುಟ್ಟು, ಕಟ್ಟಕಡೆಗೆ ಸೀಸದ ಪಟ್ಟಿಗಳಲ್ಲಿ ಕೂಡಿಸಿ ಬೆಸೆಯುವುದು. ಆ ಸೀಸದ ಕಪ್ಪು ಗೆರೆ ಎಲ್ಲಿ ಹಾಯಬೇಕೆಂಬ ನಿರ್ಣಯದಲ್ಲಿಯೇ, ನನ್ನ ಮಟ್ಟಿಗೆ, ಈ ಕಲೆಯ ಪರಮವಿವೇಕವಿರುವುದು. ಅದು ಉಡುಪಿನ ಮಡಿಕೆಯೊಡನೆ ಸಾಗಿದರೆ ರೂಪವು ಜೀವಂತವಾಗುತ್ತದೆ, ಕೆನ್ನೆಯನ್ನು ಸೀಳಿದರೆ ಕೆಟ್ಟುಹೋಗುತ್ತದೆ.