ಒಂದು ಸ್ಪೇಸ್‌ಗೆ ತೆರೆದುಕೊಂಡ ಫೋಲ್ಡರ್

ಕಥೆ ಪುಸ್ತಕದಲ್ಲಿ ಎಲ್ಲೋ ಒಂದು ಸ್ಪೇಸ್ ಹೆಚ್ಚಾದರೆ ಓದುಗ ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತಾನೆ. ಫೈಲ್ ಸರ್ವರ್‌ನ ಕೈಪಿಡಿಯಲ್ಲಿ ಹಾಗಲ್ಲ. ಅಲ್ಲಿನ ಸಾಲನ್ನು ಮನುಷ್ಯ ನಕಲು ಮಾಡುತ್ತಾನೆ, ಓದುವುದು ಯಂತ್ರ. ಈ ಕೈಪಿಡಿಗಳ ಫಾರ್ಮ್ಯಾಟಿಂಗ್ ತಪ್ಪು ತಿದ್ದುವುದನ್ನು ಹೊಸಬರ ಕೈ ಪಳಗಲೆಂದು ಕೊಡುವ ಚಿಲ್ಲರೆ ಕೆಲಸ ಎಂದು ಕಾಣುವವರೇ ಹೆಚ್ಚು. ಅದನ್ನು ನಾನು ಒಪ್ಪುವುದಿಲ್ಲ.

ಎನ್‌ಎಫ್‌ಎಸ್ ನೋಡೋಣ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಹೊರತಂದ, ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚಿಕೊಳ್ಳುವ ಈ ವ್ಯವಸ್ಥೆ ಇಂದಿಗೂ ಲಿನಕ್ಸ್ ಸರ್ವರ್‌ಗಳಲ್ಲಿ ಬಳಕೆಯಲ್ಲಿದೆ. ಯಾವ ಫೋಲ್ಡರ್ ಯಾವ ಕಂಪ್ಯೂಟರ್‌ಗೆ ಸಿಗಬೇಕು ಎಂಬುದನ್ನು ‘ಎಕ್ಸ್‌ಪೋರ್ಟ್ಸ್’ ಎಂಬ ಫೈಲಿನಲ್ಲಿ ಬರೆಯಬೇಕು. ಕುಂದಾಪುರ ತಾಲೂಕಿನ ಕೆರಾಡಿಯ ಒಂದು ಕಚೇರಿ ಎಂದಿಟ್ಟುಕೊಳ್ಳಿ. ಅಲ್ಲಿನ ಕಂಪ್ಯೂಟರ್‌ಗೆ ಮಾತ್ರ ಓದುವ, ಬರೆಯುವ ಅನುಮತಿ ಕೊಡಬೇಕಾಗಿದೆ. ಆ ಅನುಮತಿಯ ಸಂಕೇತ ‘ಆರ್‌ಡಬ್ಲ್ಯೂ’. ಕನ್ನಡದಲ್ಲೇ ಬರೆದು ತೋರಿಸುವುದಾದರೆ ಸಾಲು ಹೀಗಿರುತ್ತದೆ:

/ದಾಖಲೆ ಕೆರಾಡಿ(ಆರ್‌ಡಬ್ಲ್ಯೂ)

ಇದನ್ನೇ ಕೈಪಿಡಿಗೆ ಹಾಕುವಾಗ ಯಾರೋ ಅಂದಕ್ಕೆಂದು ಆವರಣದ ಮುಂದೆ ಸ್ಪೇಸ್ ಕೊಟ್ಟರು:

/ದಾಖಲೆ ಕೆರಾಡಿ (ಆರ್‌ಡಬ್ಲ್ಯೂ)

ಈಗ ಅರ್ಥವೇ ತಿರುಗಿತು. ಕೆರಾಡಿಯ ಕಂಪ್ಯೂಟರ್‌ಗೆ ಓದುವ ಅನುಮತಿಯಷ್ಟೇ ಉಳಿಯಿತು. ಬರೆಯುವ ಅನುಮತಿ ಆ ಸರ್ವರನ್ನು ತಲುಪಬಲ್ಲ ಉಳಿದೆಲ್ಲ ಕಂಪ್ಯೂಟರ್‌ಗಳ ಪಾಲಾಯಿತು. ಈಗಿನ ಎಕ್ಸ್‌ಪೋರ್ಟ್‌ಎಫ್‌ಎಸ್ ಕಮಾಂಡ್ ಇಂಥ ಸಾಲು ಕಂಡರೆ ಎಚ್ಚರಿಸುತ್ತದೆ, ಆದರೆ ತಡೆಯುವುದಿಲ್ಲ.

ಕಂಪ್ಯೂಟರ್ ಹೆಸರಿಗೂ ಆವರಣಕ್ಕೂ ನಡುವೆ ಸ್ಪೇಸ್ ಕೂಡದು ಎಂದು ಲಿನಕ್ಸ್‌ನ ಮೂಲ ಕೈಪಿಡಿ ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಹೇಳುವುದು ಒಂದು ಪ್ಯಾರಾದ ನಡುವೆ, ಒಂದೇ ವಾಕ್ಯದಲ್ಲಿ. ತಪ್ಪಿದರೆ ಏನಾಗುತ್ತದೆ ಎಂಬುದು ಅಲ್ಲಿಲ್ಲ. ಉದಾಹರಣೆಗಳು ಬರುವುದು ಎಷ್ಟೋ ಕೆಳಗೆ. ಅವಸರದಲ್ಲಿರುವವನು ನೇರವಾಗಿ ಉದಾಹರಣೆಗೇ ಇಳಿಯುತ್ತಾನೆ. ಸರಿ ಸಾಲು, ತಪ್ಪು ಸಾಲು ಎರಡನ್ನೂ ಒಂದರ ಕೆಳಗೊಂದು ಅಲ್ಲೇ ಇಟ್ಟಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

ಇನ್ನೊಂದು ತಪ್ಪು ಕಣ್ಣಿಗೇ ಬೀಳುವುದಿಲ್ಲ. ಲಿನಕ್ಸ್ ಕೈಪಿಡಿ ಪುಟಗಳನ್ನು ಗ್ರಾಫ್ ಎಂಬ ತಂತ್ರಾಂಶ ಅಚ್ಚುಕಟ್ಟು ಮಾಡಿ ಪರದೆಗೆ ತರುತ್ತದೆ. ಬರೆದವರು ಬ್ಯಾಕ್‌ಸ್ಲ್ಯಾಶ್ ಸೇರಿಸದೆ ಬರೀ ಅಡ್ಡಗೆರೆ ಹಾಕಿದರೆ ಅದು ಪದ ಜೋಡಿಸುವ ಹೈಫನ್ ಎಂದು ಗ್ರಾಫ್‌ನ ಲೆಕ್ಕ. ಕಮಾಂಡ್‌ಗೆ ಬೇಕಾದದ್ದು ಮೈನಸ್. 2023ರಲ್ಲಿ ಬಂದ ಗ್ರಾಫ್ 1.23 ಆವೃತ್ತಿ ಈ ಭೇದವನ್ನು ಕಟ್ಟುನಿಟ್ಟು ಮಾಡಿತು. ಪುಟದಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ ಕಮಾಂಡ್‌ಗಳು ಕೆಲಸ ಮಾಡದಾದಾಗ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರು ತಮ್ಮಲ್ಲಿ ಹಳೆಯ ನಡವಳಿಕೆಯನ್ನೇ ಉಳಿಸಿಕೊಂಡರು. ಬಳಕೆದಾರರ ದೃಷ್ಟಿಯಿಂದ ಅದು ಸರಿಯೇ, ಆದರೂ ರೋಗ ಹಾಗೆಯೇ ಉಳಿಯಿತು. ಸಾವಿರಾರು ಪುಟಗಳಲ್ಲಿ ಕೂತು ಒಂದೊಂದೇ ಬ್ಯಾಕ್‌ಸ್ಲ್ಯಾಶ್ ಸೇರಿಸುವವರೇ ಅದನ್ನು ವಾಸಿಮಾಡುವವರು.

ಸಾಂಬಾ ಈ ವಿಷಯದಲ್ಲಿ ಬಹಳ ಮುಂದಿದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ತೊಂಬತ್ತರ ದಶಕದ ಆರಂಭದಲ್ಲಿ ಶುರುಮಾಡಿದ, ವಿಂಡೋಸ್ ಕಂಪ್ಯೂಟರ್‌ಗಳ ಜೊತೆ ಫೈಲ್ ಹಂಚಿಕೊಳ್ಳುವ ತಂತ್ರಾಂಶ ಇದು. ಅದರ ಸೆಟ್ಟಿಂಗ್ ಫೈಲಿನಲ್ಲಿ ಸೆಟ್ಟಿಂಗ್ ಹೆಸರುಗಳ ಒಳಗಿನ ಸ್ಪೇಸ್‌ಗಾಗಲಿ, ಸಮ ಚಿಹ್ನೆಯ ಅಕ್ಕಪಕ್ಕದ ಸ್ಪೇಸ್‌ಗಾಗಲಿ ಬೆಲೆಯಿಲ್ಲ. ಬರೆದದ್ದನ್ನು ಪರೀಕ್ಷಿಸಲು ಟೆಸ್ಟ್‌ಪಾರ್ಮ್ ಎಂಬ ಕಮಾಂಡ್ ಇದೆ. ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಕೈಪಿಡಿಯ ಒಳಕಟ್ಟು. ಒಂದೊಂದು ಸೆಟ್ಟಿಂಗ್‌ನ ವಿವರಣೆಗೂ ಪ್ರತ್ಯೇಕ ಎಕ್ಸ್‌ಎಂಎಲ್ ಫೈಲ್. ಅವುಗಳಿಂದಲೇ ಕೈಪಿಡಿ ಪುಟ ತಯಾರಾಗುತ್ತದೆ, ತಂತ್ರಾಂಶ ತನ್ನೊಳಗೆ ಬಳಸುವ ಸೆಟ್ಟಿಂಗ್‌ಗಳ ಪಟ್ಟಿಯೂ ತಯಾರಾಗುತ್ತದೆ. ಕೈಪಿಡಿ ಹೇಳುವ ಡೀಫಾಲ್ಟ್‌ಗೂ ಸರ್ವರ್ ನಡೆದುಕೊಳ್ಳುವ ರೀತಿಗೂ ತಾಳೆ ಇದೆಯೇ ಎಂದು ನೋಡುವ ಪರೀಕ್ಷೆಯೂ ಉಂಟು. ದಾಖಲೆಗೆ ಕೋಡ್‌ನಷ್ಟೇ ಮರ್ಯಾದೆ ಕೊಟ್ಟ ಮೇಲೆ ಅದನ್ನು ತಿದ್ದುವವನ ಕೆಲಸಕ್ಕೂ ತೂಕ ಬರುತ್ತದೆ.

ಕನ್ನಡಕ್ಕೆ ಬಂದರೆ ತೊಡಕು ಇನ್ನೂ ಸೂಕ್ಷ್ಮ. ‘ಕೆರಾಡಿ’ ಎಂಬ ಹೆಸರನ್ನು ಯುನಿಕೋಡ್‌ನಲ್ಲಿ ಬರೆಯಲು ಒಂದೇ ದಾರಿ. ‘ಬೈಂದೂರು’ ಹಾಗಲ್ಲ. ಅದರ ಐತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಅದರ ಕೆಳಗಿನ ಚಿಹ್ನೆ ಎಂದು ಎರಡಾಗಿ ಬಿಡಿಸಿಯೂ ಇಡಬಹುದು. ‘ಕೋಟ’ದ ಓತ್ವವಂತೂ ಮೂರು ತುಂಡಾಗುತ್ತದೆ. ಆ್ಯಪಲ್ ಕಂಪ್ಯೂಟರ್‌ಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಸರ್ವರ್ ಸಾಮಾನ್ಯವಾಗಿ ಬಂದ ಬೈಟ್‌ಗಳನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದಲ್ಲಿ ಹಾಗೇ ನಕಲು ಮಾಡಿದರೆ, ನೋಡಲು ಅಕ್ಷರಕ್ಕಕ್ಷರ ಒಂದೇ ಆದ ಎರಡು ‘ಬೈಂದೂರು’ ಫೋಲ್ಡರ್‌ಗಳು ಪಕ್ಕಪಕ್ಕ ಕೂರಬಹುದು.

ಕನ್ನಡದಲ್ಲಿ ಸರ್ವರ್ ಕೈಪಿಡಿ ಬರೆಯುವವರು, ತಿದ್ದುವವರು ಉದಾಹರಣೆಗೆ ಬೈಂದೂರು, ಕೋಟ, ಕೊಲ್ಲೂರುಗಳಂಥ ಹೆಸರುಗಳನ್ನೇ ಆರಿಸಿಕೊಳ್ಳಬೇಕು ಎಂದು ನಾನು ಹೇಳುವುದು ಇದಕ್ಕೇ. ಸುಲಭದ ಹೆಸರು ಎಲ್ಲ ಕಡೆಯೂ ಪಾಸಾಗಿ ದೋಷವನ್ನು ಮುಚ್ಚಿಡುತ್ತದೆ. ಇಂಥ ಹೆಸರುಗಳ ಒಂದು ಪಟ್ಟಿ ಸಾಂಬಾದ ಪರೀಕ್ಷೆಗಳ ಸಾಲಿಗೂ ಸೇರಬೇಕು, ಎನ್‌ಎಫ್‌ಎಸ್ ಕೈಪಿಡಿಯ ಉದಾಹರಣೆಗಳಿಗೂ ಸೇರಬೇಕು.