ವಾದಕನ ಕಂಚಿನ ಕೈಯೂ ತುಣುಕುಚಿತ್ರದ ಆಟವೂ

ಸಂಗೀತಗಾರನೊಬ್ಬನ ಕಂಚಿನ ಕೈಯನ್ನು ಚಿತ್ರವಾಗಿ ಮುದ್ರಿಸಿ, ರಟ್ಟಿಗೆ ಅಂಟಿಸಿ, ನೂರಾರು ತುಣುಕುಗಳಾಗಿ ಕತ್ತರಿಸಿ, ಮರಳಿ ಜೋಡಿಸುವ ಆಟವನ್ನಾಗಿ ಮಾಡಿದರೆ, ಅದರಲ್ಲಿ ಶಿಲ್ಪದ ಅಂಶವು ಎಷ್ಟು ಉಳಿಯುತ್ತದೆ? ಮೇಲುನೋಟಕ್ಕೆ ಇದು ಆಟಿಕೆಗೆ ಸಂಬಂಧಪಟ್ಟ ಪ್ರಶ್ನೆಯೆಂದು ತೋರಬಹುದು. ಆದರೆ ಒಡೆದ ಶಾಸನಗಳನ್ನೂ ಶಿಥಿಲವಾದ ಓಲೆಗಳನ್ನೂ ಕೂಡಿಸಿ ಓದಬೇಕಾದವರಿಗೆ ಇದು ಅಷ್ಟು ಹಗುರವಾದ ವಿಷಯವಲ್ಲ.

ಇಂಥ ಕೈಗಳಲ್ಲಿ ಪ್ರಸಿದ್ಧವಾದುದು ಶೋಪ್ಯಾಂನದು. ಆತನು 1849ನೆಯ ಅಕ್ಟೋಬರ್ 17ರಂದು ಪ್ಯಾರಿಸಿನಲ್ಲಿ ತೀರಿಕೊಂಡಾಗ ಶಿಲ್ಪಿ ಕ್ಲೆಸ್ಯಾಂಜೆಯು ಆತನ ಮುಖದ ಅಚ್ಚನ್ನೂ ಎಡಗೈಯ ಅಚ್ಚನ್ನೂ ತೆಗೆದನು. ಆ ಕೈಯ ಪಡಿಗಳು ಅನಂತರ ಕಂಚಿನಲ್ಲಿಯೂ ಹುಟ್ಟಿದುವು. ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ಅಚ್ಚಿನ ಕೈ ಯಥಾರ್ಥವಾದುದೇ ಸರಿ. ಆದರೆ ಅದು ನುಡಿಸುವ ಕೈಯಲ್ಲ, ನುಡಿಸುವುದನ್ನು ನಿಲ್ಲಿಸಿದ ಕೈ. ರೊದಾಂನು 1908ರಲ್ಲಿ ಎರಡು ಬಲಗೈಗಳನ್ನು ಎದುರುಬದುರಾಗಿ ನಿಲ್ಲಿಸಿ ‘ಕ್ಯಾಥೀಡ್ರಲ್’ ಎಂದು ಹೆಸರಿಟ್ಟಾಗ ಅಲ್ಲಿ ಶಿಲ್ಪಿಯ ಆಯ್ಕೆಯಿತ್ತು. ಅಚ್ಚಿನಲ್ಲಿ ಆ ಆಯ್ಕೆಗೆ ಎಡೆ ಬಹಳ ಕಡಮೆ. ಅದನ್ನು ಛಾಯಾಚಿತ್ರವಾಗಿಸಿ ಕತ್ತರಿಸಿದಾಗ ನಾವು ಕೈಯಿಂದ ಅಚ್ಚಿಗೆ, ಅಚ್ಚಿನಿಂದ ಕಂಚಿಗೆ, ಕಂಚಿನಿಂದ ಚಿತ್ರಕ್ಕೆ, ಚಿತ್ರದಿಂದ ತುಣುಕಿಗೆ ಎಂದು ನಾಲ್ಕು ಮೆಟ್ಟಿಲು ಇಳಿದಂತಾಗುತ್ತದೆ.

ಲೋಹದ ಎರಕ, ವಾದ್ಯ, ಒಗಟು, ಈ ಮೂರನ್ನೂ ಒಂದೇ ಗ್ರಂಥದಲ್ಲಿ ವಿಚಾರಿಸಿದ ಅರಸನು ಕಲ್ಯಾಣದಲ್ಲಿಯೇ ಇದ್ದನೆಂಬುದನ್ನು ಇಲ್ಲಿ ನೆನೆಯಬೇಕು. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದ ಸಂಸ್ಕೃತ ಕೃತಿ. ಅದರಲ್ಲಿ ಐದು ವಿಂಶತಿಗಳು, ವಿಂಶತಿಗೆ ಇಪ್ಪತ್ತರಂತೆ ನೂರು ಅಧ್ಯಾಯಗಳು. ವಾದ್ಯವು ವಿನೋದಗಳ ಸಾಲಿನಲ್ಲಿಯೂ, ಪ್ರಹೇಲಿಕೆಯು ಕ್ರೀಡೆಗಳ ಸಾಲಿನಲ್ಲಿಯೂ ಬಂದಿವೆ. ಪ್ರತಿಮೆಗಳ ಎರಕದ ವಿಧಾನವನ್ನು ಮೊದಲನೆಯ ವಿಂಶತಿಯಲ್ಲಿ ಹೇಳಿದೆ. ಮೇಣದಿಂದ ರೂಪವನ್ನು ಮಾಡಿ, ಮಣ್ಣನ್ನು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಿಸಿ, ತೆರವಾದ ಎಡೆಗೆ ಕರಗಿದ ಲೋಹವನ್ನು ಹೊಯ್ಯುವುದು. ಆರಿದ ಮೇಲೆ ಮಣ್ಣನ್ನು ಒಡೆಯುವುದು. ಮೇಣದ ತೂಕಕ್ಕೆ ಇಷ್ಟು ಮಡಿ ಲೋಹವೆಂಬ ಲೆಕ್ಕವೂ ಅಲ್ಲಿದೆ. ಹೀಗೆ ಎರಕದಲ್ಲಿ ಒಡೆಯುವುದು ಹೊರಗಿನ ಮಣ್ಣು, ಉಳಿಯುವುದು ಅಖಂಡವಾದ ಮೂರ್ತಿ. ತುಣುಕುಚಿತ್ರದಲ್ಲಿ ಒಡೆಯುವುದು ಮೂರ್ತಿಯೇ.

ಈ ಆಟದ ಮೂಲವನ್ನು ನೋಡಿದರೆ ಕತ್ತರಿಸುವುದೇ ದೋಷವೆಂದು ಹೇಳಲಾಗುವುದಿಲ್ಲ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿಯು ಭೂಪಟಗಳನ್ನು ಹಲಗೆಗೆ ಅಂಟಿಸಿ, ದೇಶದೇಶಗಳ ಎಲ್ಲೆಯ ಗುಂಟ ಕೊಯ್ದು, ಭೂಗೋಳದ ಪಾಠಕ್ಕೆ ಒದಗಿಸಿದನು. ಅಲ್ಲಿ ಗರಗಸವು ಅರ್ಥವನ್ನು ಅನುಸರಿಸುತ್ತಿತ್ತು. ಈಗಿನ ಅಚ್ಚುಯಂತ್ರವಾದರೋ ಚಿತ್ರವಾವುದೆಂದು ವಿಚಾರಿಸದೆ ಒಂದೇ ಬಗೆಯ ಕೊಂಡಿಗಳನ್ನು ಕೊಯ್ಯುತ್ತದೆ. ಕೈಗೆ ತನ್ನವೇ ಆದ ಗೆಣ್ಣುಗಳೂ ಸಂದುಗಳೂ ಇವೆ; ಯಂತ್ರದ ಸಂದು ಉಗುರಿನ ನಡುವೆ ಬೀಳುತ್ತದೆ. ಹಾಗಿದ್ದೂ ಒಂದು ಗುಣವನ್ನು ಒಪ್ಪಬೇಕು. ಕಂಚಿನ ಬಣ್ಣವು ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ ಆದುದರಿಂದ, ಜೋಡಿಸುವವನು ಬೆಳಕು ಉಬ್ಬಿನಿಂದ ತಗ್ಗಿಗೆ ಇಳಿಯುವ ಬಗೆಯನ್ನೇ ಹಿಡಿದು ನಡೆಯಬೇಕಾಗುತ್ತದೆ. ವಸ್ತುಸಂಗ್ರಹಾಲಯದಲ್ಲಿ ಅರೆನಿಮಿಷ ನಿಲ್ಲುವವನು ಕಾಣದುದನ್ನು ಅವನು ಕಾಣುತ್ತಾನೆ. ಶಿಲ್ಪದ ತೂಕವೂ ಬೆನ್ನೂ ಅವನಿಗೆ ದೊರೆಯವು. ಮೈಯ ಏರಿಳಿತವು ದೊರೆಯುತ್ತದೆ.

ನನಗೆ ಕೊರತೆಯೆಂದು ತೋರುವುದು ಬೇರೊಂದು. ದುಬಲಗುಂಡಿಯಿರುವ ಹುಮನಾಬಾದ ತಾಲ್ಲೂಕಿನದೇ ಆದ ಜಲಸಂಗಿಯ ಕಲ್ಮೇಶ್ವರ ದೇವಾಲಯವನ್ನು ನೋಡಿದವರಿಗೆ ಇದು ಸ್ಪಷ್ಟವಾಗುತ್ತದೆ. ಅಲ್ಲಿಯ ಹೊರಗೋಡೆಯ ಶಾಸನಸುಂದರಿಯು ಫಲಕದ ಮೇಲೆ ಆರನೆಯ ವಿಕ್ರಮಾದಿತ್ಯನ ಸ್ತುತಿಯನ್ನು ಸಂಸ್ಕೃತದಲ್ಲಿ ಬರೆಯುತ್ತಿದ್ದಾಳೆ. ಆ ಕೈಯನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಸೊಗಸಾದ ಬೆರಳುಗಳು ಉಳಿದಾವು. ಅಕ್ಷರವೂ ಅದನ್ನು ನೋಡುವ ಕಣ್ಣೂ ಮೈಯ ಬಳುಕೂ ಹೋದಮೇಲೆ ಅದು ಬರೆಯುವ ಕೈಯಾಗಿ ಉಳಿಯದು. ನಾಟ್ಯಶಾಸ್ತ್ರವು ಹಸ್ತಗಳನ್ನು ಒಂದೊಂದಾಗಿ ಎಣಿಸಿದರೂ ಅವುಗಳ ಪ್ರಯೋಗವನ್ನು ದೃಷ್ಟಿಯೊಡನೆಯೂ ಭಾವದೊಡನೆಯೂ ಕೂಡಿಸಿಯೇ ಹೇಳುತ್ತದೆ. ಬಿಡಿಗೈ ನಮ್ಮ ದೇಗುಲಗಳಲ್ಲಿ ಸಾಮಾನ್ಯವಾಗಿ ಶಿಲ್ಪದ ವಸ್ತುವಲ್ಲ, ಭಂಗದ ಗುರುತು. ವಾದಕನ ಬಿಡಿಗೈಯಲ್ಲಿಯೂ ವಾದ್ಯವಿಲ್ಲ. ಆ ಶೂನ್ಯವನ್ನು ಕೇಳಿದವನ ನೆನಪು ತುಂಬಬೇಕು.

ಅಧ್ಯಾಪಕರು ಇಂಥ ಆಟಗಳನ್ನು ತರಗತಿಗೆ ತರುವುದುಂಟು; ಅದು ತಪ್ಪಲ್ಲ. ಆದರೆ ಪೆಟ್ಟಿಗೆಯಲ್ಲಿ ತುಣುಕುಗಳೆಲ್ಲವೂ ಇರುತ್ತವೆ, ಮುಚ್ಚಳದ ಮೇಲೆ ಪೂರ್ಣಚಿತ್ರವೂ ಇರುತ್ತದೆ. ಮುಕ್ಕಾದ ಶಾಸನಕ್ಕೆ ಮುಚ್ಚಳವಿಲ್ಲ. ಎಲ್ಲ ತೆರವಿಗೂ ತಕ್ಕ ತುಣುಕು ಇದ್ದೇ ಇದೆಯೆಂಬ ನಂಬಿಕೆಯನ್ನು ವಿದ್ಯಾರ್ಥಿಯು ಆಟದಿಂದ ಕಲಿತರೆ, ಮುಂದೆ ಅವನು ಅಳಿಸಿದ ಸಾಲಿನಲ್ಲಿ ತನ್ನ ಊಹೆಯನ್ನೇ ಪಾಠವೆಂದು ಬರೆದಾನು. ಪಾಠಾಂತರಶೋಧನೆಗೆ ಇದಕ್ಕಿಂತ ಹೆಚ್ಚಿನ ಕೇಡಿಲ್ಲ. ಆದಕಾರಣ ಮುಚ್ಚಳವನ್ನು ಮರೆಸಿ, ನಾಲ್ಕಾರು ತುಣುಕುಗಳನ್ನು ತೆಗೆದಿರಿಸಿ ಆಡಿಸುವುದು ಮೇಲು. ಉಳಿದ ತೆರವನ್ನು ತೆರವೆಂದೇ ಗುರುತಿಸಿ, ಅದರ ಅಳತೆಯನ್ನು ಬರೆದುಕೊಳ್ಳುವ ಅಭ್ಯಾಸವು ಅಲ್ಲಿಂದ ಆರಂಭವಾಗಬಹುದು.